ದುಬೈನಿಂದ ಬ್ಯಾಟರಿ ಗರಗಸ ತರಿಸಬೇಕು, ಗೊತ್ತಿದ್ದವರು ಹೇಳಿ

ಸಕಲೇಶಪುರದಿಂದ ಪ್ರಶ್ನೆ:
ಅಣ್ಣ ಮುಂದಿನ ತಿಂಗಳು ದುಬೈನಿಂದ ಊರಿಗೆ ಬರುತ್ತಾನೆ. ತೋಟದಲ್ಲಿ ಮರಗಸಿಗೆ (ನೆರಳಿನ ಮರಗಳ ಕೊಂಬೆ ಕಡಿಯಲು) ಅಂತ ಬ್ಯಾಟರಿ ಗರಗಸ ತರಲು ಹೇಳಿದ್ದೇವೆ, ಜೊತೆಗೆ ಎರಡು ಬ್ಯಾಟರಿ. ವಿಮಾನದಲ್ಲಿ ಬಿಡ್ತಾರಾ? ಇನ್ನೊಂದು ವಿಷಯ, ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಊದಿಕೊಂಡಿದೆ. ಬೆಂಗಳೂರಿಗೆ ರಿಪೇರಿಗೆ ಕೊರಿಯರ್ ಮಾಡಬಹುದಾ?

ಹಾಸನದವನು, ಏರ್ ಕಾರ್ಗೋದಲ್ಲಿ ಕೆಲಸ:
ಮೊದಲು ಬ್ಯಾಟರಿ ಮೇಲಿನ ಸಣ್ಣ ಅಕ್ಷರ ಓದಲು ಹೇಳಿ. ವ್ಯಾಟ್-ಅವರ್ (ಅದರಲ್ಲಿ ತುಂಬುವ ಒಟ್ಟು ಶಕ್ತಿಯ ಅಳತೆ) ಎಷ್ಟು ಅಂತ ಇರುತ್ತದೆ. ಇಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರಾಯಿತು. 18 ವೋಲ್ಟಿನ 4 ಆಂಪಿಯರ್-ಅವರ್ ಬ್ಯಾಟರಿ 72 ಆಗುತ್ತದೆ. 100ರ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 36 ವೋಲ್ಟಿನ 4 ಆದರೆ 144. ಅದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ಬಿಡಿ ಬ್ಯಾಟರಿ (ಯಂತ್ರಕ್ಕೆ ಹಾಕದೆ ಬೇರೆಯಾಗಿ ತರುವುದು) ಎರಡೇ. 36 ವೋಲ್ಟಿನ 6 ಅಂದರೆ 216. 160 ದಾಟಿದ್ದನ್ನು ಲಗೇಜಲ್ಲಿ ತರೋ ಹಾಗೇ ಇಲ್ಲ. ಅಂಗಡಿಯವನು ‘ಎಲ್ಲರೂ ತಗೊಂಡು ಹೋಗ್ತಾರೆ’ ಅಂದರೆ ನಂಬಬೇಡಿ. ಅವನಿಗೆ ಮಾರಿದರೆ ಮುಗೀತು.

ಗರಗಸ ಚೆಕ್-ಇನ್ ಲಗೇಜಿಗೆ, ಬ್ಯಾಟರಿ ಕೈಚೀಲಕ್ಕೆ. ಇದು ಅದಲುಬದಲಾಗಬಾರದು. ಯಾಕೆ ಅಂದರೆ, ಈ ಬ್ಯಾಟರಿಯಲ್ಲಿ ಸಾಲಾಗಿ ಜೋಡಿಸಿರುವ ಲಿಥಿಯಂ ಸೆಲ್‌ಗಳಲ್ಲಿ ಒಂದರೊಳಗೆ ಶಾರ್ಟ್ ಆದರೆ ಬಿಸಿ ತಾನಾಗಿಯೇ ಏರುತ್ತಾ ಹೋಗುತ್ತದೆ. ಒಳಗಿನ ದ್ರವ ಆವಿಯಾಗಿ ಹೊರಗೆ ನುಗ್ಗುತ್ತದೆ, ಆ ಅನಿಲಕ್ಕೇ ಬೆಂಕಿ ಹತ್ತುತ್ತದೆ. ಒಂದರ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಇನ್ನೊಂದು, ಪಟಾಕಿ ಸರದ ಹಾಗೆ. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಅಡಗಿಸಲು ಹ್ಯಾಲಾನ್ ಅನಿಲ ಬಿಡುವ ವ್ಯವಸ್ಥೆ ಇದೆ. ಅದು ಜ್ವಾಲೆ ಅಡಗಿಸುತ್ತದೆ, ಸೆಲ್ ಒಳಗಿನ ಬಿಸಿ ಮಾತ್ರ ನಿಲ್ಲುವುದಿಲ್ಲ. ತುಂಬಿಕೊಂಡ ಅನಿಲ ಸಿಡಿಯಲೂಬಹುದು. ಅದೇ ಸೀಟಿನ ಹತ್ತಿರ ಹೊಗೆ ಬಂದರೆ ತಕ್ಷಣ ಕಾಣುತ್ತದೆ. ಸಿಬ್ಬಂದಿ ಬೆಂಕಿ ಆರಿಸಿ, ನೀರು ಸುರಿದು ತಣ್ಣಗೆ ಮಾಡುತ್ತಾರೆ.

2010ರ ಸೆಪ್ಟೆಂಬರ್ 3ರಂದು ಇದೇ ದುಬೈನಿಂದ ಹೊರಟ, ಯುಪಿಎಸ್ ಅನ್ನೋ ಅಮೆರಿಕದ ಕೊರಿಯರ್ ಕಂಪನಿಯ ಸರಕು ವಿಮಾನಕ್ಕೆ ಬೆಂಕಿ ಬಿತ್ತು. ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ಹೊಗೆ ತುಂಬಿ ಎದುರಿನ ಮೀಟರುಗಳೇ ಕಾಣದಂತಾಯಿತು. ವಾಪಸ್ ತಿರುಗಿದರೂ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳೂ ತೀರಿಕೊಂಡರು. 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವುದೇ ಬಂದ್. ಸರಕು ವಿಮಾನಕ್ಕೂ ಬ್ಯಾಟರಿಯೊಳಗಿನ ಚಾರ್ಜ್ ಶೇ. 30 ಮೀರದಂತೆ ನೋಡಿಕೊಂಡೇ ಕೊಡಬೇಕು.

ಬಾಳೆಹೊನ್ನೂರಿನಿಂದ:
ಪವರ್ ಬ್ಯಾಂಕ್‌ಗೂ ಇದೇ ನಿಯಮ. ಮಂಗಳೂರಲ್ಲಿ ನಮ್ಮ ಭಾವನ ಸೂಟ್‌ಕೇಸ್ ತೆರೆಸಿದರು. ಅತ್ತೆ ಕಟ್ಟಿಕೊಟ್ಟ ಕೋಡುಬಳೆ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಾ ನೆಲದ ಮೇಲೆ ಹರಡಿ, ತಳದಿಂದ ಪವರ್ ಬ್ಯಾಂಕ್ ಹೊರಗೆ ತೆಗೆದಿದ್ದಾಯ್ತು. ಅದರ ಮೇಲಿನ ಅಕ್ಷರ ಉಜ್ಜಿ ಹೋಗಿತ್ತು, ಎಷ್ಟು ಸಾಮರ್ಥ್ಯ ಅಂತ ತೋರಿಸಲು ಆಗಲಿಲ್ಲ. ಅಲ್ಲೇ ಬಿಟ್ಟು ಬಂದರು. ನಿಮ್ಮಣ್ಣ ಎಮಿರೇಟ್ಸ್ ಏರ್‌ಲೈನ್‌ನಲ್ಲಿ ಬರುವುದಾದರೆ, 2025ರ ಅಕ್ಟೋಬರ್‌ನಿಂದ ಅವರಲ್ಲಿ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್. ವಿಮಾನದಲ್ಲಿ ಬಳಸುವ ಹಾಗಿಲ್ಲ, ತಲೆ ಮೇಲಿನ ಲಗೇಜ್ ಗೂಡಲ್ಲೂ ಇಡುವ ಹಾಗಿಲ್ಲ.

ಚಿಕ್ಕಮಗಳೂರು, ಲ್ಯಾಪ್‌ಟಾಪ್ ರಿಪೇರಿ ಅಂಗಡಿ:
ಊದಿದ ಬ್ಯಾಟರಿ ಕೊರಿಯರ್‌ಗೆ ಬೇಡವೇ ಬೇಡ. ಹಾಳಾದ ಬ್ಯಾಟರಿಗೆ ವಿಮಾನದಲ್ಲಂತೂ ಜಾಗವೇ ಇಲ್ಲ. ರಸ್ತೆಯಲ್ಲೇ ಹೋಗುತ್ತೆ ಅಂದುಕೊಂಡರೂ ಮೂಟೆಗಳ ಅಡಿಯಲ್ಲಿ ಸಿಕ್ಕಿ ಅಮುಕಿದರೆ ಮುಗೀತು. ಕೆಲವರು ‘ಪುಸ್ತಕ’ ಅಂತ ಬರೆಸಿ ಕಳಿಸುತ್ತಾರೆ, ನನಗೆ ಅದು ಕೇಳಿದರೇ ಮೈ ಉರಿಯುತ್ತೆ. ಸಾಗಿಸೋ ಹುಡುಗನಿಗೆ ಒಳಗೇನಿದೆ ಅಂತ ಗೊತ್ತಾಗೋದು ಬೇಡವೇ?

ಟಚ್‌ಪ್ಯಾಡ್ ಮೇಲೆದ್ದಿದೆಯಾ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲವಾ? ಹಾಗಿದ್ದರೆ ಇವತ್ತಿಂದಲೇ ಚಾರ್ಜ್ ಹಾಕಬೇಡಿ. ಗಾಳಿ ಹೋಗಲಿ ಅಂತ ಸೂಜಿ ಚುಚ್ಚಬೇಡಿ, ಯೂಟ್ಯೂಬ್ ನೋಡಿ ಚುಚ್ಚುವವರಿದ್ದಾರೆ. ನಿಮ್ಮೂರಲ್ಲೇ ತಿಳಿದವರ ಹತ್ತಿರ ಬ್ಯಾಟರಿ ತೆಗೆಸಿ, ಖಾಲಿ ಲ್ಯಾಪ್‌ಟಾಪ್ ಕಳಿಸಿ. ತೆಗೆದದ್ದನ್ನು ಮರಳು ಹಾಕಿದ ತಗಡಿನ ಡಬ್ಬದಲ್ಲಿ ಮನೆಯ ಹೊರಗಿಡಿ. ಆಮೇಲೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.

ಸಕಲೇಶಪುರ:
ಎಲ್ಲರಿಗೂ ಥ್ಯಾಂಕ್ಸ್. ಅಣ್ಣ ಫೋಟೋ ಕಳಿಸಿದ್ದಾನೆ, 36 ವೋಲ್ಟ್, 4 ಆಂಪಿಯರ್-ಅವರ್.

ಹಾಸನದವನು:
ಹಾಗಾದರೆ 144. ಅದೇ ಫೋಟೋ ಹಾಕಿ ಏರ್‌ಲೈನ್‌ಗೆ ಈಗಲೇ ಮೇಲ್ ಮಾಡಲಿ, ಒಪ್ಪಿಗೆಯ ಪ್ರಿಂಟ್ ಕೈಯಲ್ಲಿರಲಿ. ಎರಡೂ ಬ್ಯಾಟರಿಯ ಪಿನ್ನುಗಳಿಗೆ ಟೇಪ್ ಸುತ್ತಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಇಡಲಿ. ಬೀಗದ ಕೈ, ಚಿಲ್ಲರೆ ಕಾಸು ಇರೋ ಜೇಬಲ್ಲಿ ಬೇಡ. ಒಪ್ಪಿಗೆ ಸಿಗದಿದ್ದರೆ ಗರಗಸ ಮಾತ್ರ ತರಲಿ, ಅದಕ್ಕೆ ಹೊಂದುವ ಬ್ಯಾಟರಿ ಇಲ್ಲಿ ಸಿಗುತ್ತಾ ಅಂತ ಕೊಳ್ಳೋ ಮುಂಚೆ ವಿಚಾರಿಸಿ.