ಸರ್ವರ್ ಪ್ರಶ್ನೋತ್ತರ: ಪ್ರೊಸೆಸರ್, ಮೆಮೊರಿ, ಎಸಿ ಬಗ್ಗೆ ಕೇಳಿ

ಕಾರವಾರ ಸೊಸೈಟಿ: ಸರ್, ಆಫೀಸು ಕಡಲ ಹತ್ತಿರ. 2ಯು (ಎರಡು ಅಂತಸ್ತು ಎತ್ತರದ) ರ‍್ಯಾಕ್ ಸರ್ವರ್. ಒಂದೇ ಸ್ಲಾಟಿನಲ್ಲಿ ಕರೆಕ್ಟೆಬಲ್ (ತಾನೇ ಸರಿಯಾಗುವ) ಮೆಮೊರಿ ಎರರ್ ದಿನಾ ಬರುತ್ತಿದೆ. ಎಸಿ 1 ಟನ್, 16ಕ್ಕೆ ಇಟ್ಟಿದ್ದೇವೆ. ಕರೆಂಟು ಹೋದರೆ ಎಸಿ ನಿಲ್ಲುತ್ತದೆ, ಸರ್ವರ್ ಯುಪಿಎಸ್ ಮೇಲೆ ಓಡುತ್ತದೆ. ಆಗ ಕಿಟಕಿ ತೆರೆಯುತ್ತೇವೆ. 2 ಟನ್ ಹಾಕಿಸಬೇಕಾ?

ಉತ್ತರ: ಮೊದಲು ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ, ಇವತ್ತೇ. ಒಂದು ಬಿಟ್ (0 ಅಥವಾ 1) ತಪ್ಪಿದರೆ, ತಪ್ಪು ತಿದ್ದುವ ಇಸಿಸಿ ಮೆಮೊರಿ ತಾನೇ ಸರಿ ಮಾಡಿಕೊಳ್ಳುತ್ತದೆ, ಅದಕ್ಕೇ ಹೊರಗೆ ಏನೂ ಗೊತ್ತಾಗುತ್ತಿಲ್ಲ. ತಪ್ಪು ಕೈಮೀರಿದ ದಿನ ಸರ್ವರ್ ದಿಢೀರ್ ನಿಲ್ಲಬಹುದು. ಮೆಮೊರಿಯೇ ಕೆಟ್ಟಿರಬಹುದು, ಆದರೆ ನನಗೆ ಆ ಕಿಟಕಿಯದೇ ಚಿಂತೆ. ಮಳೆಗಾಲದಲ್ಲಿ ಹೊರಗೆ 27 ಡಿಗ್ರಿ, ತೇವಾಂಶ ಶೇ. 90 ಇದ್ದರೆ 25 ಡಿಗ್ರಿಗಿಂತ ತಣ್ಣಗಿರುವ ಲೋಹದ ಮೇಲೆ ನೀರು ಕೂರುತ್ತದೆ. ರ‍್ಯಾಕು ತಣ್ಣಗಾಗಿ ನಿಂತಿರುತ್ತದೆ, ನೀವು ಕಿಟಕಿ ತೆರೆಯುತ್ತೀರಿ, ಫ್ಯಾನುಗಳು ಉಪ್ಪುಗಾಳಿಯನ್ನೇ ಒಳಗೆ ಎಳೆಯುತ್ತವೆ.

ಎಸಿ ಲೆಕ್ಕ ಹೀಗೆ. ಸರ್ವರ್ ಎಳೆಯುವ ಕರೆಂಟೆಲ್ಲ ಶಾಖವೇ ಆಗುತ್ತದೆ. 600 ವ್ಯಾಟ್ ಅಂದರೆ ಗಂಟೆಗೆ ಸುಮಾರು 2,050 ಬಿಟಿಯು (ಶಾಖದ ಅಳತೆ), 1 ಟನ್ ಎಸಿ ತೆಗೆಯುವುದು 12,000. ಹಾಗಾಗಿ ಸರ್ವರಿಗೆ 1 ಟನ್ನೇ ಧಾರಾಳ. ಸಣ್ಣ ಕೋಣೆಗೆ 2 ಟನ್ ಹಾಕಿದರೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಅಲ್ಲೇ ಉಳಿಯುತ್ತದೆ. ಸರ್ವರ್ ಮುಂದೆ ಬರುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು. 24ಕ್ಕೆ ಇಡಿ. ಕಿಟಕಿ ಮುಚ್ಚಿಸಿ. ಎಸಿಗೂ ಜನರೇಟರ್ ಲೈನ್ ಕೊಡಿ, ಆಗದಿದ್ದರೆ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ ಯುಪಿಎಸ್ ಸೆಟ್ ಮಾಡಿ.

ಶಿರಸಿ ಸದಸ್ಯ: ಅಡಿಕೆ ವ್ಯಾಪಾರದ ಬಿಲ್ಲಿಂಗ್, ಹತ್ತು ಜನ. ಅಂಗಡಿಯವರು 64 ಕೋರ್ ಪ್ರೊಸೆಸರ್ ತಗೊಳ್ಳಿ ಅಂತಾರೆ.

ಉತ್ತರ: ಬೇಡ. 8 ಕೋರ್ ಸಾಕು, ಗಿಗಾಹರ್ಟ್ಸ್ (ಪ್ರತಿ ಕೋರಿನ ವೇಗ) ಜಾಸ್ತಿ ಇರಲಿ. ಉಳಿದ ದುಡ್ಡು ಮೆಮೊರಿಗೆ, ಎಸ್‌ಎಸ್‌ಡಿಗೆ ಹಾಕಿ.

ಹೊನ್ನಾವರ ಸದಸ್ಯ: ಒಂದು ಸರ್ವರಿಗೆ ಎಷ್ಟು ಟನ್ ಎಸಿ?

ಉತ್ತರ: ಮೇಲೆ ಲೆಕ್ಕ ಇದೆ.

ಕುಮಟಾ ಸದಸ್ಯ: ಫಾರ್ವರ್ಡ್ ಬಂದಿತ್ತು. ರ‍್ಯಾಕಿನಲ್ಲಿ ಒಂದು ಬಟ್ಟಲು ಕಲ್ಲುಪ್ಪು ಇಟ್ಟರೆ ತೇವ ಎಳೆಯುತ್ತದಂತೆ. ಬಿಸಿಯಾದರೆ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಾಕಬೇಕಂತೆ.

ಉತ್ತರ: ಎರಡೂ ಮಾಡಬೇಡಿ. ಉಪ್ಪು ತೇವ ಎಳೆದು ಕರಗುತ್ತದೆ, ಆ ನೀರು ಚೆಲ್ಲಿದರೆ ಬೋರ್ಡು ಹೋಯಿತು. ಮುಚ್ಚಳ ಇದ್ದರೆ ಮಾತ್ರ ಗಾಳಿ ಮುಂದಿನಿಂದ ಹೀಟ್‌ಸಿಂಕ್ (ಪ್ರೊಸೆಸರ್ ಶಾಖ ಎಳೆಯುವ ಲೋಹ) ದಾಟಿ ಹಿಂದಕ್ಕೆ ಹೋಗುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಲೇಬೇಡಿ.

ಭಟ್ಕಳ ಸದಸ್ಯ: ಇಷ್ಟೆಲ್ಲ ರಗಳೆ ಯಾಕೆ? ಕ್ಲೌಡಿಗೆ ಹಾಕಿ.

ಶಿರಸಿ ಸದಸ್ಯ: ಮಳೆಗೆ ಮರ ಬಿದ್ದು ಕೇಬಲ್ ಕಡಿದರೆ ನೆಟ್ ಇಲ್ಲ. ಆಗ ಬಿಲ್ ನೀವು ಕೊಡ್ತೀರಾ?

ಭಟ್ಕಳ ಸದಸ್ಯ: ಎರಡು ಕಂಪನಿಯ ನೆಟ್ ಇಟ್ಕೊಳ್ಳಿ.

ಶಿರಸಿ ಸದಸ್ಯ: ಎರಡೂ ಬರೋದು ಒಂದೇ ಕಂಬದ ಮೇಲೆ. ಘಟ್ಟ ಹತ್ತಿ ಬಂದು ನೋಡಿ, ಆಮೇಲೆ ಹೇಳಿ.

ಭಟ್ಕಳ ಸದಸ್ಯ: ಬೇಡ ಅಂದ್ರೆ ಬಿಡಿ ಮಾರಾಯ್ರೆ, ಸಿಟ್ಟು ಯಾಕೆ.

ಅಂಕೋಲಾ ಸದಸ್ಯ: ಹಳೇ 1ಯು ಸರ್ವರ್ ಮನೆಯಲ್ಲಿ ಇಟ್ಟರೆ ಸದ್ದು ತಡೆಯೋಕಾಗುತ್ತಾ?

ಹಳಿಯಾಳ ಸದಸ್ಯ: ಸರ್ವರಿನ ರಿಜಿಸ್ಟರ್ಡ್ ಮೆಮೊರಿ ಜೊತೆ ಸಾದಾ ಮೆಮೊರಿ ಹಾಕಬಹುದಾ? 2 ಟನ್ ಎಸಿ ಇದ್ದರೆ ಒಳ್ಳೇದಲ್ವಾ?

ಉತ್ತರ: ಬೆರೆಸಬಾರದು. ಎಸಿಗೆ ಮೇಲೆ ಓದಿ. ಓದದೆ ಕೇಳಬೇಡಿ.

ಕಾರವಾರ ಸೊಸೈಟಿ: ಸರ್, ಬ್ಯಾಕಪ್ ಆಯಿತು. ಆಫ್ ಮಾಡಿ ಮೆಮೊರಿ ತೆಗೆದೆ, ಅಂಚಿನಲ್ಲಿ ಹಸಿರು ಕಿಲುಬು. ಸ್ಪಿರಿಟಿನಲ್ಲಿ ಒರೆಸಿದರೆ ಸಾಕಾ?

ಉತ್ತರ: ಸಾಲದು. ಚಿನ್ನದ ಲೇಪದ ಕೆಳಗಿನ ತಾಮ್ರವೇ ಕಿಲುಬು ಹಿಡಿದಿದೆ. ಹೊಸದು ಹಾಕಿ. ಅದಕ್ಕೂ ಮೊದಲು ಸ್ಲಾಟಿಗೆ ಟಾರ್ಚ್ ಬಿಟ್ಟು ನೋಡಿ, ಅಲ್ಲೂ ಹಸಿರಿದ್ದರೆ ಬೋರ್ಡೇ ಬದಲಿಸಬೇಕಾಗಬಹುದು.

ಭಟ್ಕಳ ಸದಸ್ಯ: ಅದಕ್ಕೇ ಕ್ಲೌಡ್ ಅಂದಿದ್ದು.

ಶಿರಸಿ ಸದಸ್ಯ: ಮತ್ತೆ ಶುರು ಮಾಡಿದ್ರಾ?

ಉತ್ತರ: ಜಗಳ ಬೇರೆ ಕಡೆ ಮಾಡಿ. ಕಾರವಾರದವರು ಸ್ಲಾಟಿನ ಫೋಟೋ ಹಾಕಿ.