ಪಿಜಿಎ ಬಿಲ್ಲೆ: ಅಂಚಿನಲ್ಲಷ್ಟೇ ಮೃದ್ವಸ್ಥಿ, ನಡುಭಾಗ ಖಾಲಿ

ಪ್ರಶ್ನೆ:
ಪ್ರಯೋಗಾಲಯದಲ್ಲಿ ಮೃದ್ವಸ್ಥಿ ಬೆಳೆಸುತ್ತಿದ್ದೇನೆ. 5 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಪಿಜಿಎ (ಪಾಲಿಗ್ಲೈಕೋಲಿಕ್ ಆಮ್ಲ, ನಿಧಾನವಾಗಿ ಕರಗುವ ಪಾಲಿಮರ್) ನಾರಿನ ಬಿಲ್ಲೆಗಳು. ಕರುವಿನ ಮೊಣಕಾಲಿನ ಕಾಂಡ್ರೊಸೈಟ್ (ಮೃದ್ವಸ್ಥಿಯ ಕೋಶ), ಎರಡನೇ ಪ್ಯಾಸೇಜ್ (ಪ್ಲೇಟ್‌ನಲ್ಲಿ ಬೆಳೆಸಿ ಎರಡು ಸಲ ವರ್ಗಾಯಿಸಿದ್ದು). ಬಿಲ್ಲೆಗೆ 5 ಲಕ್ಷ ಕೋಶ, ಪಿಪೆಟ್‌ನಿಂದ ಮೇಲೆ ಬಿಟ್ಟಿದ್ದು. ಅಲುಗಾಡಿಸದೆ 4 ವಾರ. ಸಫ್ರಾನಿನ್-ಒ (ಮೃದ್ವಸ್ಥಿಯನ್ನು ಕೆಂಪಾಗಿಸುವ ಬಣ್ಣ) ಹಾಕಿದರೆ ಅಂಚು ಮಾತ್ರ ಕೆಂಪು. ಟಿಜಿಎಫ್-ಬೀಟಾ3 (ಬೆಳವಣಿಗೆಯ ಪ್ರೋಟೀನ್) ಈಗ ಮಿ.ಲೀ.ಗೆ 10 ನ್ಯಾನೊಗ್ರಾಂ, ಹೆಚ್ಚಿಸಬೇಕೇ?

ಉತ್ತರ 1:
ಬೇಡ, ಅಷ್ಟು ಸಾಕು. ತೊಂದರೆ ಬಿತ್ತನೆಯಲ್ಲೇ, ಅಂದರೆ ಬಿಲ್ಲೆಗೆ ಕೋಶ ಹಾಕುವುದರಲ್ಲೇ ಇರುವಂತಿದೆ. ನಿಮ್ಮ ಬಿಲ್ಲೆಯ ಗಾತ್ರ ಸುಮಾರು 40 ಮೈಕ್ರೊಲೀಟರ್. ಮಿ.ಲೀ.ಗೆ 5 ಕೋಟಿ ಕೋಶದ ಲೆಕ್ಕದಲ್ಲಿ ಒಂದಕ್ಕೆ 20 ಲಕ್ಷ ಬೇಕು. ನೀವು ಹಾಕಿದ್ದು ಅದರ ಕಾಲು ಭಾಗ. ಅದರ ಮೇಲೆ, ಒಣ ನಾರಿನ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಹನಿ ಒಳಗಿಳಿಯುವುದೇ ಇಲ್ಲ.

ಮೊದಲು 70% ಎಥನಾಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುದ್ರಾವಣ) ಮೂರು ಸಲ ತೊಳೆದು, ಒಂದು ರಾತ್ರಿ ಮೀಡಿಯಂನಲ್ಲಿಡಿ (ಕೋಶಗಳ ಪೋಷಕ ದ್ರವ). ಬಿತ್ತುವ ಮುನ್ನ ಹೆಚ್ಚಿನ ದ್ರವ ಹೀರಿ ತೆಗೆಯಿರಿ. 10 ಲಕ್ಷ ಕೋಶ 20 ಮೈಕ್ರೊಲೀಟರ್‌ನಲ್ಲಿ ಒಂದು ಮುಖಕ್ಕೆ, ಒಂದು ಗಂಟೆ ಬಿಟ್ಟು ಮಗುಚಿ ಇನ್ನೊಂದು ಮುಖಕ್ಕೆ ಅಷ್ಟೇ. ಎರಡು ಗಂಟೆಯಾದ ಮೇಲೆ ಮೀಡಿಯಂ ತುಂಬಿ. ಪ್ಲೇಟ್‌ನ ಬಾವಿಗಳಿಗೆ (ಬಿಲ್ಲೆ ಇಡುವ ಗುಳಿಗಳಿಗೆ) ಮೊದಲೇ 2% ಅಗರೋಸ್ ಜೆಲ್ ಬಳಿದಿರಲಿ. ಇಲ್ಲವಾದರೆ ಸೋರಿದ ಕೋಶ ಪ್ಲಾಸ್ಟಿಕ್‌ಗೆ ಅಂಟಿ ಅಲ್ಲೇ ಬೆಳೆಯುತ್ತವೆ.

(ಪಿಜಿಎಯನ್ನು ಆಟೋಕ್ಲೇವ್‌ಗೆ, ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರಕ್ಕೆ ಮಾತ್ರ ಹಾಕಬೇಡಿ. ಬಿಸಿ, ತೇವ ಎರಡೂ ಸೇರಿ ಅದನ್ನು ಒಡೆಯುತ್ತವೆ.)

ಉತ್ತರ 2:
ಬಿತ್ತನೆಯೇ ಕಾರಣ ಎಂದು ಈಗಲೇ ಹೇಳಲಾಗದು. ಒಂದು ಬಿಲ್ಲೆಯನ್ನು ಮರುದಿನವೇ ಅಡ್ಡ ಕೊಯ್ದು ಡ್ಯಾಪಿ (ಕೋಶಕೇಂದ್ರವನ್ನು ಹೊಳೆಯಿಸುವ ಬಣ್ಣ) ಹಾಕಿ ನೋಡಿ. ನಡುವೆ ಕೋಶವೇ ಇಲ್ಲದಿದ್ದರೆ ಬಿತ್ತನೆಯ ದೋಷ. ಅಂದು ಇದ್ದು ಎರಡನೇ ವಾರಕ್ಕೆ ಸತ್ತಿದ್ದರೆ ಆಮ್ಲಜನಕ, ಪೋಷಕಾಂಶ ಒಳಗೆ ತಲುಪುತ್ತಿಲ್ಲ: ಅಂಚಿನಲ್ಲಿ ಮ್ಯಾಟ್ರಿಕ್ಸ್ (ಕೋಶಗಳು ಸುತ್ತ ಕಟ್ಟುವ ವಸ್ತು) ದಟ್ಟವಾದಷ್ಟೂ ದಾರಿ ಮುಚ್ಚುತ್ತದೆ. ಕೋಶ ಬದುಕಿದ್ದೂ ಕೆಂಪು ಬರದಿದ್ದರೆ ಪ್ಯಾಸೇಜ್ ಮೇಲೆ ಅನುಮಾನ. ಚಪ್ಪಟೆ ಪ್ಲೇಟ್‌ನಲ್ಲಿ ಹಿಗ್ಗಿಸಿದ ಕಾಂಡ್ರೊಸೈಟ್ ಮೃದ್ವಸ್ಥಿಯ ಟೈಪ್ 2 ಕೊಲಾಜನ್ ಬಿಟ್ಟು ಟೈಪ್ 1ರ ಕಡೆ ವಾಲುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಲುಗಾಡಿಸಬೇಕೇನೋ, ಆದರೆ ಮೀಡಿಯಂ ಕಲಕುವ ಸ್ಪಿನ್ನರ್ ಫ್ಲಾಸ್ಕ್ ನನ್ನಲ್ಲಿಲ್ಲ. ಆರ್ಬಿಟಲ್ ಶೇಕರ್ (ಸುತ್ತುತ್ತ ಅಲುಗಾಡಿಸುವ ಯಂತ್ರ) ಸಾಕೇ? ಮೀಡಿಯಂ ಮೂರನೇ ದಿನಕ್ಕೇ ಹಳದಿಯಾಗುತ್ತದೆ.

ಉತ್ತರ 2:
ಸಾಕು. ಮೊದಲ ದಿನ ನಿಶ್ಚಲವಾಗಿಡಿ, ಆಮೇಲೆ ಸುಮಾರು 50 ಆರ್‌ಪಿಎಂ. ಬಿಲ್ಲೆ ಮೀಡಿಯಂನಲ್ಲಿ ತೇಲಾಡಬೇಕು, ಗೋಡೆಗೆ ಬಡಿಯಬಾರದು. ಹಳದಿ ಎಂದರೆ ಮೀಡಿಯಂ ಆಮ್ಲೀಯವಾಗಿದೆ: ಕಾರಣ ಕೋಶಗಳ ಲ್ಯಾಕ್ಟಿಕ್ ಆಮ್ಲ, ಜೊತೆಗೆ ಕರಗುವ ಪಿಜಿಎ ಬಿಡುವ ಗ್ಲೈಕೋಲಿಕ್ ಆಮ್ಲ. ಎರಡು ದಿನಕ್ಕೊಮ್ಮೆ ಬದಲಿಸಿ. ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಮೀಡಿಯಂನಲ್ಲಿ ಬೇಗ ಕೆಡುತ್ತದೆ, ಅದರ ಬದಲು ಆಸ್ಕಾರ್ಬೇಟ್-2-ಫಾಸ್ಫೇಟ್ ಮಿ.ಲೀ.ಗೆ 50 ಮೈಕ್ರೊಗ್ರಾಂ ಹಾಕಿ. ಕೋಶವಿಲ್ಲದ ಒಂದು ಬಿಲ್ಲೆಯನ್ನೂ ಅದೇ ಮೀಡಿಯಂನಲ್ಲಿಟ್ಟರೆ ಹಳದಿಯಲ್ಲಿ ನಾರಿನ ಪಾಲೆಷ್ಟು ಎಂದು ತಿಳಿಯುತ್ತದೆ.