ಸಹಾಯ ಬೇಕು: ನಮ್ಮ ಕಡೆ ಸ್ವಭಾವ ಹೇಳುವ ಮಾತುಗಳು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಮನಶ್ಶಾಸ್ತ್ರದಲ್ಲಿ ಎಂಎ ಮಾಡುತ್ತಿದ್ದೇನೆ. ‘ಬಿಗ್ ಫೈವ್’ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಕರಾವಳಿಯ ಹೆಂಗಸರಿಗೆ ಕೇಳುವುದು ನನ್ನ ಪ್ರಾಜೆಕ್ಟ್. ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು, ಬೆರೆಯುವ ಗುಣ, ಹೊಂದಿಕೊಳ್ಳುವ ಗುಣ, ಮನಸ್ಸಿನ ಕಳವಳ. ಈ ಐದರಲ್ಲಿ ಯಾರ ಸ್ವಭಾವವನ್ನಾದರೂ ಅಳೆಯಬಹುದು ಅನ್ನುತ್ತಾರೆ.

ಮೊನ್ನೆ ಮೀನು ಪೇಟೆಯಲ್ಲಿ ಒಬ್ಬ ಅಕ್ಕನಿಗೆ "ನೀವು ಜಾಸ್ತಿ ಮಾತಾಡುವವರಾ?" ಅಂತ ಕೇಳಿದೆ. ಬುಟ್ಟಿಯಲ್ಲಿ ಬಂಗಡೆ ಜೋಡಿಸುತ್ತಲೇ ಹೇಳಿದರು: "ಯಾರ ಎದುರಿಗೆ ಅಂತ ಹೇಳು ತಂಗಿ. ಇಲ್ಲಿ ಬಾಯಿ ಮಾಡದಿದ್ದರೆ ಮೀನು ಉಳಿಯುತ್ತದೆ. ಮನೆಯಲ್ಲಿ ಮಾವನ ಎದುರು ಮಾತೇ ಆಡುವುದಿಲ್ಲ." ಪ್ರತಿ ಉತ್ತರಕ್ಕೂ ಒಂದರಿಂದ ಐದರೊಳಗೆ ಒಂದು ಅಂಕಿ ಕೊಡಬೇಕು. ಇದಕ್ಕೆ ಯಾವ ಅಂಕಿ ಬರೆಯಲಿ? ಪೆನ್ನು ಹಿಡಿದು ಸುಮ್ನೆ ನಿಂತೆ. ಅವರ ಉತ್ತರ ಸರಿಯೇ ಇದೆ. ನನ್ನ ಪ್ರಶ್ನೆಯೇ ಅರ್ಧ, ಅಲ್ವಾ?

50 ಸಂಸ್ಕೃತಿಗಳಲ್ಲಿ ಈ ಐದು ಗುಣಗಳ ಮಾದರಿ ನಿಲ್ಲುತ್ತದೆ ಅಂತ 2005ರ ಅಧ್ಯಯನ ಹೇಳಿತು. ಆದರೆ ಅಲ್ಲಿ ಫಾರ್ಮ್ ತುಂಬಿದವರು ಕಾಲೇಜು ವಿದ್ಯಾರ್ಥಿಗಳು. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ, ಬೇಸಾಯ ಮಾಡುವ ತ್ಸಿಮಾನೆ ಜನರ ಮೇಲಿನ ಅಧ್ಯಯನ 2013ರಲ್ಲಿ ಬಂತು. ಅಲ್ಲಿ 632 ಜನರನ್ನು ಕೇಳಿದಾಗ ಐದು ಗುಣಗಳು ಬೇರೆ ಬೇರೆಯಾಗಿ ಕಾಣಲೇ ಇಲ್ಲ. ಎದ್ದು ಕಂಡದ್ದು ಎರಡೇ: ಜನರೊಂದಿಗೆ ಒಳ್ಳೆಯದಾಗಿ ಇರುವುದು, ದುಡಿಮೆ.

ನನಗೆ ಬೇಕಾದದ್ದು ಇದು. ನಿಮ್ಮ ಮನೆಯಲ್ಲಿ ಒಬ್ಬರ ಸ್ವಭಾವವನ್ನು ಯಾವ ಮಾತಲ್ಲಿ ಹೇಳುತ್ತಾರೆ? ಹಾಲಕ್ಕಿ, ಹವ್ಯಕ, ನಾಮಧಾರಿ, ಕೊಂಕಣಿ, ನವಾಯತಿ ಯಾವ ಆಡುಮಾತಾದರೂ ಸರಿ. ಆ ಮಾತನ್ನು ಯಾರ ಬಗ್ಗೆ, ಯಾವಾಗ ಹೇಳುತ್ತಾರೆ ಅನ್ನುವುದನ್ನೂ ಬರೆಯಿರಿ. ಅಜ್ಜಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಇಂಥ ಪ್ರಶ್ನೆಗಳನ್ನು ಮೊದಲೇ ಕನ್ನಡಕ್ಕೆ ತಂದವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ.